ಅಜ್ಜಿಯ ಬ್ರಹ್ಮಕಮಲ, ಮಾವನ ಡ್ರ್ಯಾಗನ್ ಫ್ರೂಟ್

ಭಾಗ 1/8: ಒಂದು ತಪ್ಪೊಪ್ಪಿಗೆ

ಎರಡು ಫೋಟೋ ಹಾಕಿದೀನಿ, ಮೊದಲು ಸರಿಯಾಗಿ ನೋಡಿ. ಎಡಗಡೆ ಇರೋದು ನಮ್ಮಜ್ಜಿಯ ಕುಂಡದಲ್ಲಿ ಅರಳಿದ ಬ್ರಹ್ಮಕಮಲ. ಬಲಗಡೆ ಇರೋದು ಮಾವನ ತೋಟದ ಡ್ರ್ಯಾಗನ್ ಫ್ರೂಟ್ ಹೂವು. ಎರಡೂ ಬಿಳಿ, ಎರಡೂ ರಾತ್ರಿ ಅರಳೋದು, ಬೆಳಗಾದ್ರೆ ಎರಡೂ ಬಾಡಿ ತಲೆ ಬಾಗಿಸೋದು. ಒಂದೇ ಮನೆಯ ಮಕ್ಕಳ ಥರ ಕಾಣ್ತಿಲ್ವಾ?

ಕಳೆದ ವರ್ಷ ಇದು ನನಗೆ ಕಾಣಲಿಲ್ಲ. ಎಲ್ಲೋ ಒಂದು ರೀಲ್ ನೋಡಿ, ನಮ್ಮ ಮನೆಗಳಲ್ಲಿರೋ ಬ್ರಹ್ಮಕಮಲ ನಿಜವಾದ ಬ್ರಹ್ಮಕಮಲ ಅಲ್ಲ ಅಂತ ತಿಳ್ಕೊಂಡೆ. ಅವತ್ತು ರಾತ್ರಿ ಅಜ್ಜಿ ಹೂವಿಗೆ ಅರಿಶಿನ-ಕುಂಕುಮ ಇಟ್ಟು, ಊದಿನಕಡ್ಡಿ ಹಚ್ಚಿ, ಬೀದಿಯವರನ್ನೆಲ್ಲ ಕರೆದು ತೋರಿಸ್ತಿದ್ರು. ನಾನು ಅದರ ಫೋಟೋ ತೆಗೆದು ಸ್ಟೋರಿ ಹಾಕ್ದೆ: 'ಫೇಕ್ ಬ್ರಹ್ಮಕಮಲ ಅಲರ್ಟ್.' ನೀವೂ ಸುಮಾರು ಜನ ನಗೋ ಎಮೋಜಿ ಕಳಿಸಿದ್ರಿ.

ಮನೆಯಲ್ಲಿ ಯಾರೋ ಅದನ್ನ ಅಜ್ಜಿಗೆ ಓದಿ ಹೇಳಿದ್ರು. ಅಜ್ಜಿ ಏನೂ ಅನ್ನಲಿಲ್ಲ. ಆದ್ರೆ ಮುಂದಿನ ಸಲ ಹೂವು ಬಿಟ್ಟಾಗ ಯಾರನ್ನೂ ಕರೀಲಿಲ್ಲ. ಒಬ್ಬರೇ ನೋಡಿ, ಲೈಟ್ ಆರಿಸಿ ಮಲಗಿದ್ರು.

ಆಮೇಲೆ ನಾನು ಈ ಗಿಡಗಳ ಹೆಸರಿನ ಇತಿಹಾಸ ಓದೋಕೆ ಕೂತೆ. ಓದ್ತಾ ಓದ್ತಾ ಗೊತ್ತಾಗಿದ್ದು ಏನಂದ್ರೆ, ತಪ್ಪು ಹೆಸರು ಇಟ್ಟವರ ಸಾಲಲ್ಲಿ ನಮ್ಮಜ್ಜಿ ಒಬ್ಬರೇ ಇಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೇ ಮುಂದಿದ್ದಾರೆ. ಆ ಕಥೆ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

ಭಾಗ 2/8: ಕಳ್ಳಿ ಅಂದ್ಮೇಲೆ ಬಿಸಿಲು ಬೇಕಲ್ವಾ?

ಡ್ರ್ಯಾಗನ್ ಫ್ರೂಟ್‌ನಿಂದಲೇ ಶುರು ಮಾಡೋಣ. ನಮ್ಮ ಮಾವನ ತೋಟದಲ್ಲಿ ಆಳೆತ್ತರದ ಸಿಮೆಂಟ್ ಕಂಬಗಳು ಸಾಲಾಗಿ ನಿಂತಿವೆ. ಕಂಬದ ತಲೆ ಮೇಲೆ ಹಳೇ ಟೈರು. ಬುಡದಲ್ಲಿ ನೆಟ್ಟ ಬಳ್ಳಿ ಕಂಬ ಹಿಡಿದು ಹತ್ತಿ, ಟೈರಿನ ಒಳಗಿಂದ ಮೇಲೆ ಬಂದು, ಸುತ್ತಲೂ ಜಡೆ ಬಿಟ್ಟ ಹಾಗೆ ಇಳಿಬೀಳುತ್ತೆ. ಕಾಂಡಕ್ಕೆ ಮೂರು ಏಣು. ಏಣಿನ ಅಂಚು ನೆಟ್ಟಗಿರಲ್ಲ, ಅಲೆ ಅಲೆಯಾಗಿರುತ್ತೆ. ಈ ಅಲೆಯನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಕಾಂಡದಿಂದಲೇ ಬೇರು ಹೊರಟು ಕಂಬಕ್ಕೆ ಅಂಟಿಕೊಳ್ಳುತ್ತೆ.

ಹಾಕಿದ ಮೊದಲ ಬೇಸಿಗೆಯಲ್ಲೇ ಎಷ್ಟೋ ಬಳ್ಳಿ ಹಳದಿಯಾಗಿ, ಅಲ್ಲಲ್ಲಿ ಬೆಂದ ಹಾಗಾಯ್ತು. ಮಾವ ತಲೆ ಮೇಲೆ ಕೈ ಹೊತ್ತು ಕೂತ್ರು. ಕಂಬಕ್ಕೇ ಸಾಲ ಮಾಡಿದ್ರು ಪಾಪ. 'ಕಳ್ಳಿ ಅಂದ್ಮೇಲೆ ಬಿಸಿಲು ಬೇಕಲ್ವೇನೋ? ಇದೇನು ಹಿಂಗೆ ಸುಟ್ಟೋಗುತ್ತೆ?' ಅಂದ್ರು.

ಅಲ್ಲೇ ಇರೋದು ವಿಷಯ. ನಮಗೆ ಕ್ಯಾಕ್ಟಸ್ ಅಂದ್ರೆ ಮರಳುಗಾಡು. ಆದ್ರೆ ಇದು ಮರಳುಗಾಡಿನ ಗಿಡವೇ ಅಲ್ಲ. ದಕ್ಷಿಣ ಮೆಕ್ಸಿಕೊ, ಮಧ್ಯ ಅಮೆರಿಕದ ಉಷ್ಣವಲಯದ ಕಾಡಿನ ಕಡೆಯದು. ಅಲ್ಲಿ ಮರದ ನೆರಳಲ್ಲಿ ಹುಟ್ಟಿ, ಮರ ಹತ್ತಿ ಬೆಳಕು ಹುಡುಕುತ್ತೆ. ಮಾವನ ಸಿಮೆಂಟ್ ಕಂಬ ಅಂದ್ರೆ ಆ ಕಾಡಿನ ಮರಕ್ಕೆ ಬದಲಿ, ಅಷ್ಟೇ. ಮರ ಕೊಡ್ತಿದ್ದ ನೆರಳನ್ನ ಮಾತ್ರ ಕಂಬ ಕೊಡಲ್ಲ. ಅದಕ್ಕೇ ಎಷ್ಟೋ ಕಡೆ ಬೇಸಿಗೆಯಲ್ಲಿ ಮೇಲೆ ನೆರಳಿನ ಬಲೆ ಕಟ್ಟೋದು.

ಈಗ ಕೇಳಿ. ಈ ಗಿಡಕ್ಕೆ ತುಂಬಾ ಕಾಲ ಇದ್ದ ವೈಜ್ಞಾನಿಕ ಹೆಸರು ಹೈಲೋಸೀರಿಯಸ್ ಅಂಡೇಟಸ್. ಹೈಲೆ ಅಂದ್ರೆ ಗ್ರೀಕ್‌ನಲ್ಲಿ ಕಾಡು. ಮಾವನಿಗೆ ಬೇಕಿದ್ದ ಉತ್ತರ ಹೆಸರಲ್ಲೇ ಇತ್ತು! ಆದ್ರೆ ಆ ಹೆಸರು ಬರೋಕೆ 150 ವರ್ಷಕ್ಕಿಂತ ಹೆಚ್ಚು ಹಿಡೀತು.

ಭಾಗ 3/8: ಎಲ್ಲಾ ಒಂದೇ ಗೋಣಿಚೀಲಕ್ಕೆ

1753. ಸ್ವೀಡನ್ನಿನ ಕಾರ್ಲ್ ಲಿನೇಯಸ್ 'ಸ್ಪೀಶೀಸ್ ಪ್ಲಾಂಟಾರಮ್' ಅನ್ನೋ ಪುಸ್ತಕ ತಂದ. ಪ್ರತಿ ಗಿಡಕ್ಕೂ ಎರಡು ಪದದ ಹೆಸರು ಕೊಡೋ ಪದ್ಧತಿ ಗಿಡಗಳ ಮಟ್ಟಿಗೆ ಅಲ್ಲಿಂದ ಲೆಕ್ಕ. ಮೊದಲ ಪದ ಕುಲದ್ದು, ಅಂದ್ರೆ ಮನೆತನದ ಹೆಸರಿದ್ದ ಹಾಗೆ. ಎರಡನೇದು ಆ ಪ್ರಭೇದದ ಸ್ವಂತ ಹೆಸರು.

ಆ ಪುಸ್ತಕದಲ್ಲಿ ಲಿನೇಯಸ್ ತನಗೆ ಗೊತ್ತಿದ್ದ 22 ಬಗೆಯ ಮುಳ್ಳುಗಿಡಗಳನ್ನೆಲ್ಲ ಒಂದೇ ಕುಲಕ್ಕೆ ಸೇರಿಸಿದ: ಕ್ಯಾಕ್ಟಸ್. ಉಂಡೆ ಥರ ಇರೋದು, ಕಂಬದ ಥರ ಇರೋದು, ಪಾಪಾಸುಕಳ್ಳಿಯ ಥರ ತಟ್ಟೆ ತಟ್ಟೆಯಾಗಿರೋದು, ಮರ ಹತ್ತೋದು, ಎಲ್ಲಾ ಒಂದೇ ಗೋಣಿಚೀಲದಲ್ಲಿ. ಮೂರು ಏಣಿನ ಹತ್ತುಬಳ್ಳಿ ಒಂದಕ್ಕೆ ಕ್ಯಾಕ್ಟಸ್ ಟ್ರೈಆಂಗ್ಯುಲಾರಿಸ್ ಅಂತ ಹೆಸರಿಟ್ಟ.

ತಮಾಷೆ ಗೊತ್ತಾ? 'ಕ್ಯಾಕ್ಟಸ್' ಅನ್ನೋ ಪದವೇ ಕ್ಯಾಕ್ಟಸ್‌ದಲ್ಲ. ಅದು ಗ್ರೀಕರ 'ಕಾಕ್ಟೋಸ್'. ಯೇಸುವಿಗಿಂತ ಮುನ್ನೂರು ವರ್ಷ ಮೊದಲು ಥಿಯೋಫ್ರಾಸ್ಟಸ್ ಅನ್ನೋ ಪಂಡಿತ ಯಾವುದೋ ಮುಳ್ಳುಗಿಡಕ್ಕೆ ಬಳಸಿದ ಪದ. ಕ್ಯಾಕ್ಟಸ್ ಗಿಡ ಅವನು ಕಂಡಿರೋಕೆ ಸಾಧ್ಯವೇ ಇಲ್ಲ. ಯಾಕಂದ್ರೆ ಈ ಕುಟುಂಬದ ಹೆಚ್ಚುಕಮ್ಮಿ ಎಲ್ಲಾ ಗಿಡಗಳ ತವರು ಅಮೆರಿಕ ಖಂಡಗಳು. ಆಫ್ರಿಕಾ, ಶ್ರೀಲಂಕಾ ಕಡೆಯೂ ತಾನಾಗಿ ಬೆಳೆಯೋದು ರಿಪ್ಸಾಲಿಸ್ ಅನ್ನೋ ಕುಲದ ಒಂದೇ ಒಂದು ಪ್ರಭೇದ.

ಅಂದ್ರೆ ಹಳೇ ಹೆಸರನ್ನ ಹೊಸ ಗಿಡಕ್ಕೆ ಅಂಟಿಸೋ ಕೆಲಸ ಮೊದಲ ದಿನದಿಂದಲೂ ನಡೆದಿದೆ. ನಾವೂ ಮಾಡಿದೀವಿ. ಮುರಿದ್ರೆ ಹಾಲು ಸುರಿಸೋ ನಮ್ಮ ಬೇಲಿಯ ಕಳ್ಳಿ ಬೇರೆಯದೇ ಕುಟುಂಬ. ಕ್ಯಾಕ್ಟಸ್‌ಗೆ ಅದು ನೆಂಟನೂ ಅಲ್ಲ. ಆದ್ರೂ ಸಮುದ್ರ ದಾಟಿ ಬಂದ ಕ್ಯಾಕ್ಟಸ್‌ಗೆ ನಮ್ಮ ಹಿರಿಯರು 'ಪಾಪಾಸುಕಳ್ಳಿ' ಅಂದ್ರು. ಮುಳ್ಳಿದೆ, ದಪ್ಪ ಇದೆ, ಹಾಗಾದ್ರೆ ಕಳ್ಳಿನೇ! ಲಿನೇಯಸ್ ಮಾಡಿದ್ದೂ ಸುಮಾರು ಅದೇ.

ಮರುವರ್ಷವೇ, 1754ರಲ್ಲಿ, ಲಂಡನ್ನಿನ ಚೆಲ್ಸಿ ಔಷಧಿ ತೋಟದ ಮುಖ್ಯಸ್ಥ ಫಿಲಿಪ್ ಮಿಲ್ಲರ್ ಆ ಗೋಣಿಚೀಲ ಬಿಚ್ಚಿ ಗುಡ್ಡೆ ಮಾಡಿದ. ಉದ್ದ ಕಾಂಡದವು 'ಸೀರಿಯಸ್' ಅನ್ನೋ ಕುಲಕ್ಕೆ ಹೋದವು. ಸೀರಿಯಸ್ ಅಂದ್ರೆ ಮೇಣದಬತ್ತಿ.

ಭಾಗ 4/8: ಚೀನಾದಿಂದ ಬಂದ ಅಮೆರಿಕದ ಗಿಡ

ಈಗ ನಮ್ಮ ಕಥೆಯ ಹೀರೋ. ಏಡ್ರಿಯನ್ ಹಾರ್ಡಿ ಹಾವರ್ತ್, ಇಂಗ್ಲೆಂಡಿನವನು, ಹುಟ್ಟಿದ್ದು 1767. ಓದಿಸಿದ್ದು ಲಾ, ಆದ್ರೆ ಮನಸ್ಸು ಇದ್ದದ್ದು ಪತಂಗ ಮತ್ತು ರಸಭರಿತ ಗಿಡಗಳ ಮೇಲೆ. ಬ್ರಿಟನ್ನಿನ ಚಿಟ್ಟೆ-ಪತಂಗಗಳ ಮೇಲೂ ದೊಡ್ಡ ಗ್ರಂಥ ಬರೆದ. ಡಿಗ್ರಿ ಒಂದು, ಆಸಕ್ತಿ ಇನ್ನೊಂದು ಇರೋ ನನ್ನಂಥವರಿಗೆ ಅವನೇ ದೇವರು.

1830ರಲ್ಲಿ ಅವನ ಮುಂದೆ ಮೂರು ಏಣಿನ ಒಂದು ಹತ್ತುಬಳ್ಳಿ ಬಂತು. ಏಣಿನ ಅಂಚು ಅಲೆ ಅಲೆಯಾಗಿತ್ತು. ಲ್ಯಾಟಿನ್‌ನಲ್ಲಿ ಅಲೆಯಲೆಯಾದದ್ದಕ್ಕೆ 'ಅಂಡೇಟಸ್'. ಹೆಸರಿಟ್ಟ: ಸೀರಿಯಸ್ ಅಂಡೇಟಸ್. ನಾವಿವತ್ತು ಕತ್ತರಿಸಿ ತಿನ್ನೋ ಬಿಳಿ ತಿರುಳಿನ ಡ್ರ್ಯಾಗನ್ ಫ್ರೂಟ್ ವಿಜ್ಞಾನದ ದಾಖಲೆಗೆ ಸೇರಿದ್ದು ಹೀಗೆ.

ಆದ್ರೆ ಆ ಗಿಡ ಅವನಿಗೆ ಬಂದದ್ದು ಎಲ್ಲಿಂದ? ಚೀನಾದಿಂದ! ಅಮೆರಿಕದ ಕಾಡಿನ ಗಿಡದ ಮೂಲಸ್ಥಳದ ಕಾಲಂನಲ್ಲಿ 'ಚೀನಾ' ಅಂತ ದಾಖಲಾಯ್ತು.

ಇದರಲ್ಲಿ ಹಾವರ್ತ್‌ನದು ಮೋಸ ಏನಿಲ್ಲ. ಗಿಡ ನಿಜವಾಗಿಯೂ ಅಲ್ಲಿಂದಲೇ ಬಂದಿತ್ತು. ಮನುಷ್ಯರು ಅದನ್ನ ಅಷ್ಟರಲ್ಲಾಗಲೇ ಸಮುದ್ರ ದಾಟಿಸಿದ್ರು. ಸ್ಪೇನಿನ ಹಡಗುಗಳು 1565ರಿಂದ 1815ರವರೆಗೆ ಮೆಕ್ಸಿಕೊದ ಅಕಾಪುಲ್ಕೊದಿಂದ ಫಿಲಿಪೀನ್ಸ್‌ನ ಮನಿಲಾಗೆ ಓಡಾಡ್ತಾ ಇದ್ದ ಕಾಲ ಅದು. ನಮ್ಮ ಸಾರಿಗೆ ಖಾರ ಕೊಡೋ ಮೆಣಸಿನಕಾಯಿ ಕೂಡ ಅಮೆರಿಕದಿಂದ ಪೋರ್ಚುಗೀಸರ ಜೊತೆ ಬಂದದ್ದು ತಾನೆ? ಈ ಬಳ್ಳಿಯ ಒಂದು ತುಂಡು ಮಣ್ಣಿಗೆ ಚುಚ್ಚಿದ್ರೆ ಸಾಕು, ಬದುಕ್ಕೊಳ್ಳುತ್ತೆ. ಪ್ರಯಾಣಕ್ಕೆ ಹೇಳಿ ಮಾಡಿಸಿದ ಗಿಡ.

ಹೋದಲ್ಲೆಲ್ಲ ಒಂದೊಂದು ಕೆಲಸ, ಒಂದೊಂದು ಹೆಸರು. ಹವಾಯಿಯಲ್ಲಿ 1836ರಲ್ಲಿ ಸಿಬಿಲ್ ಬಿಂಗಮ್ ಅನ್ನೋ ಮಿಷನರಿ ಮಹಿಳೆ ನೆಟ್ಟದ್ದು ಇವತ್ತು ಪುನಾಹೌ ಶಾಲೆಯ ಕಲ್ಲುಗೋಡೆ ಮೇಲೆ ಬೇಲಿಯಾಗಿ ಹಬ್ಬಿದೆ. ದಕ್ಷಿಣ ಚೀನಾದಲ್ಲಿ ಇದರ ಹೂವನ್ನ ಒಣಗಿಸಿ ಸೂಪಿಗೆ ಹಾಕ್ತಾರೆ. ವಿಯೆಟ್ನಾಂಗೆ ಫ್ರೆಂಚರು ತಂದ್ರು ಅಂತಾರೆ. ಅಲ್ಲಿ ಹಣ್ಣಿಗೆ 'ಥಾನ್ ಲಾಂಗ್' ಅನ್ನೋ ಹೆಸರಾಯ್ತು. ಅದರ ಅರ್ಥ ಹಸಿರು ಡ್ರ್ಯಾಗನ್. ಈಗ ಗೊತ್ತಾಯ್ತಲ್ಲ, ಮೆಕ್ಸಿಕೊದ ಗಿಡಕ್ಕೆ ಏಷ್ಯಾದ ಡ್ರ್ಯಾಗನ್ ಯಾಕೆ ಅಂಟಿಕೊಂಡಿತು ಅಂತ?

ಭಾಗ 5/8: ಹೆಸರು ಮರೆತು, ಮತ್ತೆ ಹುಡುಕಿ

1833ರಲ್ಲಿ ಹಾವರ್ತ್ ಕಾಲರಾದಿಂದ ತೀರಿಕೊಂಡ. ಅವನಿಟ್ಟ ಹೆಸರು ಮೂಲೆ ಸೇರಿತು. ತೋಟಗಳಲ್ಲಿ ಇದೇ ಗಿಡವನ್ನ ಎಷ್ಟೋ ಜನ ಸೀರಿಯಸ್ ಟ್ರೈಆಂಗ್ಯುಲಾರಿಸ್ ಅಂತ ಕರೆದ್ರು. ಅಂದ್ರೆ ಲಿನೇಯಸ್ ಹೆಸರಿಟ್ಟಿದ್ದ ಬೇರೆ ಪ್ರಭೇದ ಅಂದುಕೊಂಡ್ರು. ಮೂರು ಏಣಿದ್ದ ಮಾತ್ರಕ್ಕೆ ಎರಡೂ ಒಂದೇ ಅಂತ ಲೆಕ್ಕ!

1905ರಲ್ಲಿ ಜರ್ಮನಿಯ ಆಲ್ವಿನ್ ಬರ್ಗರ್ 'ಸೀರಿಯಸ್' ಅನ್ನೋ ದೊಡ್ಡ ಗುಡ್ಡೆಯೊಳಗೆ ಸಣ್ಣ ಸಣ್ಣ ಗುಂಪು ಮಾಡಿದ. ಅದರಲ್ಲಿ ಎರಡು ಗುಂಪು ನಮಗೆ ಮುಖ್ಯ: ಹೈಲೋಸೀರಿಯಸ್, ಸೆಲೆನಿಸೀರಿಯಸ್. ಒಂದು 'ಕಾಡಿನ ಮೇಣದಬತ್ತಿ'. ಇನ್ನೊಂದು 'ಚಂದ್ರನ ಮೇಣದಬತ್ತಿ', ಸೆಲೀನ್ ಅನ್ನೋ ಗ್ರೀಕರ ಚಂದ್ರದೇವತೆಯ ಹೆಸರಿಂದ ಬಂದದ್ದು. ಎಷ್ಟು ಚಂದ ಅಲ್ವಾ?

1909ರಲ್ಲಿ ಅಮೆರಿಕದ ನಥಾನಿಯಲ್ ಬ್ರಿಟನ್ ಮತ್ತು ಜೋಸೆಫ್ ರೋಸ್ ಈ ಎರಡು ಗುಂಪಿಗೂ ಬಡ್ತಿ ಕೊಟ್ಟು ಸ್ವತಂತ್ರ ಕುಲ ಮಾಡಿದ್ರು. ಆಗ ಅವರೂ ಎಡವಿದ್ರು. 1907ರಲ್ಲಿ ಫ್ರಾನ್ಸಿನ ರೋಲಾಂ ಗೊಸ್ಲಾಂ ಮೆಕ್ಸಿಕೊದ ಗಿಡ ನೋಡಿ ಇಟ್ಟಿದ್ದ 'ಟ್ರೈಕೊಸ್ಟೇಟಸ್' ಅನ್ನೋ ಹೆಸರನ್ನ ಇವರು ತಗೊಂಡ್ರು. ಅದು ಹಾವರ್ತ್‌ನ ಗಿಡವೇ ಅಂತ ಗೊತ್ತಾದಾಗ 1918ರಲ್ಲಿ ತಿದ್ದಿ ಬರೆದ್ರು: ಹೈಲೋಸೀರಿಯಸ್ ಅಂಡೇಟಸ್. ಒಂದೇ ಪ್ರಭೇದಕ್ಕೆ ಇಬ್ಬರು ಹೆಸರಿಟ್ಟಿದ್ರೆ ಸಾಮಾನ್ಯವಾಗಿ ಮೊದಲು ಇಟ್ಟವನದೇ ನಿಲ್ಲಬೇಕು ಅನ್ನೋದು ಸಸ್ಯನಾಮಕರಣದ ನಿಯಮ. ಸತ್ತು 85 ವರ್ಷ ಆದ್ಮೇಲೆ ಹಾವರ್ತ್‌ಗೆ ನ್ಯಾಯ ಸಿಕ್ತು.

ಭಾಗ 6/8: ಬಿಕಾಂನವರಿಗೆ ಅರ್ಥ ಆಗೋ ಬ್ರಾಕೆಟ್

ಕಥೆ ಅಲ್ಲಿಗೆ ಮುಗೀಲಿಲ್ಲ. ಕಾಡಿನ ಕುಲ ಬೇರೆ, ಚಂದ್ರನ ಕುಲ ಬೇರೆ ಅಂತ ಇಟ್ಟ ಗೋಡೆ ಮೊದಲಿಂದಲೂ ಸ್ವಲ್ಪ ಸಡಿಲವೇ ಇತ್ತು. ಸೂಪರ್ ಮಾರ್ಕೆಟ್‌ನಲ್ಲಿ ಹಳದಿ ಸಿಪ್ಪೆಯ ಡ್ರ್ಯಾಗನ್ ಫ್ರೂಟ್ ನೋಡಿದೀರಾ? ಆ ಗಿಡವನ್ನ 1953ರಲ್ಲಿ ರೀಡ್ ಮೊರಾನ್ ಚಂದ್ರನ ಕುಲಕ್ಕೆ ಹಾಕಿದ್ರು. 2003ರಲ್ಲಿ ರಾಲ್ಫ್ ಬಾವರ್ ಅಲ್ಲಿಂದ ಎತ್ತಿ ಕಾಡಿನ ಕುಲಕ್ಕೆ ತಂದ್ರು. ಇಸ್ರೇಲಿನ ಸಂಶೋಧಕರು ಈ ಹಳದಿ ಹಣ್ಣಿನ ಗಿಡವನ್ನ ಕೆಂಪು ಸಿಪ್ಪೆಯವುಗಳ ಜೊತೆ ಕ್ರಾಸ್ ಮಾಡಿ ಸಸಿ ಪಡೆದಿದ್ರು. ಎರಡು ಮನೆತನ ಇಷ್ಟು ಸಲೀಸಾಗಿ ಬೀಗತನ ಮಾಡಿದ್ರೆ, ಅವು ನಿಜವಾಗಿ ಎರಡೇನಾ ಅನ್ನೋ ಪ್ರಶ್ನೆ ಬರುತ್ತಲ್ಲ?

2017ರಲ್ಲಿ ನಾದ್ಯಾ ಕೊರೊಟ್ಕೋವಾ, ಥಾಮಸ್ ಬೋರ್ಶ್, ಸಾಲ್ವದೋರ್ ಆರಿಯಾಸ್ ಈ ಹತ್ತುಕಳ್ಳಿಗಳ ಡಿಎನ್‌ಎ ಹೋಲಿಸಿದ ಅಧ್ಯಯನ ಪ್ರಕಟಿಸಿದ್ರು. ಕಾಡಿನ ಕುಲದವು ಚಂದ್ರನ ಕುಲದ ವಂಶವೃಕ್ಷದ ಒಳಗಿನದೇ ಒಂದು ಕೊಂಬೆ ಅಂತ ಗೊತ್ತಾಯ್ತು. ಅದೇ ವರ್ಷ ಬ್ರಿಟನ್ನಿನ ಡೇವಿಡ್ ಹಂಟ್ ನಮ್ಮ ಗಿಡಕ್ಕೆ ಹೊಸ ಹೆಸರು ಪ್ರಕಟಿಸಿದ್ರು: ಸೆಲೆನಿಸೀರಿಯಸ್ ಅಂಡೇಟಸ್. ಹಳದಿ ಹಣ್ಣಿನ ಗಿಡ 1953ರ ಮನೆಗೇ ವಾಪಸ್ ಬಂತು. ಎಷ್ಟೋ ಕೃಷಿ ಬರಹ, ನರ್ಸರಿ ಬೋರ್ಡುಗಳಲ್ಲಿ ಮಾತ್ರ ಇವತ್ತಿಗೂ 'ಹೈಲೋಸೀರಿಯಸ್' ಅಂತಲೇ ಇದೆ.

ಈಗ ಕ್ಲಾಸ್‌ಮೇಟ್ಸ್, ಗಮನ ಕೊಡಿ. ಈ ಗಿಡದ ಪೂರ್ತಿ ಹೆಸರನ್ನ ಬರೆಯೋದು ಹೀಗೆ:

ಸೆಲೆನಿಸೀರಿಯಸ್ ಅಂಡೇಟಸ್ (ಹಾವರ್ತ್) ಹಂಟ್

ಆ ಬ್ರಾಕೆಟ್ ನೋಡಿದ್ರಾ? ಹೊರಗಿರೋನು ಈಗಿನ ಕುಲಕ್ಕೆ ಸೇರಿಸಿದವನು. ಒಳಗಿರೋನು 1830ರಲ್ಲಿ ಮೊದಲ ಸಲ ಆ ಹೆಸರಿಟ್ಟವನು. ಕುಲ ಎಷ್ಟು ಸಲ ಬದಲಾದ್ರೂ ಅಂಡೇಟಸ್ ಉಳೀತು, ಹಾವರ್ತ್ ಉಳಿದ.

ಫಸ್ಟ್ ಇಯರ್‌ನಲ್ಲಿ ನಮಗೆ ಹೇಳ್ಕೊಟ್ಟಿದ್ದು ನೆನಪಿದೆಯಾ? ಲೆಕ್ಕದ ಪುಸ್ತಕದಲ್ಲಿ ತಪ್ಪಾದ್ರೆ ಅಳಿಸಬಾರದು, ವೈಟ್ನರ್ ಹಚ್ಚಬಾರದು. ತಪ್ಪಾದ ಎಂಟ್ರಿ ಅಲ್ಲೇ ಇರಬೇಕು. ಕೆಳಗೆ ರೆಕ್ಟಿಫಿಕೇಶನ್ ಎಂಟ್ರಿ ಹಾಕಬೇಕು. ಯಾಕೆ? ನಾಳೆ ಪುಸ್ತಕ ತೆಗೆದವನಿಗೆ ಏನು ತಪ್ಪಾಗಿತ್ತು, ಯಾರು ಯಾವಾಗ ತಿದ್ದಿದ್ರು ಅಂತ ಕಾಣಬೇಕು. ಗಿಡಗಳ ವಿಜ್ಞಾನವೂ ಅದೇ ಮಾಡುತ್ತೆ. ಸೀರಿಯಸ್ ಅಂಡೇಟಸ್, ಟ್ರೈಕೊಸ್ಟೇಟಸ್, ಹೈಲೋಸೀರಿಯಸ್, ಎಲ್ಲಾ ಸಮಾನನಾಮಗಳ ಪಟ್ಟಿಯಲ್ಲಿ ಈಗಲೂ ಇವೆ. ತಿದ್ದುತ್ತಾರೆ, ಆದ್ರೆ ಹಿಂದಿನವನನ್ನ 'ಫೇಕ್' ಅಂತ ಹರಿದು ಬಿಸಾಕಲ್ಲ.

ನಾನು ಮಾಡಿದ್ದು ವೈಟ್ನರ್ ಕೆಲಸ.

ಭಾಗ 7/8: ಎರಡು ಕಮಲ, ಎರಡೂ ಕಮಲ ಅಲ್ಲ

ಈಗ ಅಜ್ಜಿಯ ಕುಂಡಕ್ಕೆ ಬರೋಣ. ಆ ಗಿಡದ ವೈಜ್ಞಾನಿಕ ಹೆಸರು ಎಪಿಫಿಲಮ್ ಆಕ್ಸಿಪೆಟಾಲಮ್. 1828ರಲ್ಲಿ ಸ್ವಿಟ್ಜರ್ಲೆಂಡಿನ ಡಿ ಕಾಂಡೋಲ್ ಅದನ್ನ 'ಸೀರಿಯಸ್' ಅನ್ನೋ ದೊಡ್ಡ ಗುಡ್ಡೆಯಲ್ಲೇ ಇಟ್ಟಿದ್ದ. ಮರುವರ್ಷ, 1829ರಲ್ಲಿ, ಅಲ್ಲಿಂದ ತೆಗೆದು ಎಪಿಫಿಲಮ್ ಕುಲಕ್ಕೆ ಸೇರಿಸಿದವನು ಯಾರು ಹೇಳಿ?

ಹಾವರ್ತ್! ಮಾವನ ಗಿಡಕ್ಕೆ ಹೆಸರಿಟ್ಟವನೇ, ಅದಕ್ಕೆ ಒಂದು ವರ್ಷ ಮೊದಲು ಅಜ್ಜಿಯ ಗಿಡಕ್ಕೂ ಹೆಸರಿಟ್ಟಿದ್ದ. ಇವೆರಡೂ ಕ್ಯಾಕ್ಟಸ್ ಕುಟುಂಬದೊಳಗೆ ಒಂದೇ ಬುಡಕಟ್ಟಿನವು. ಅಜ್ಜಿಯ ಗಿಡದ ತವರೂ ಮೆಕ್ಸಿಕೊ, ಮಧ್ಯ ಅಮೆರಿಕ. ಮೊದಲ ಫೋಟೋದಲ್ಲಿ ಒಂದೇ ಮನೆಯ ಮಕ್ಕಳ ಥರ ಅಂದೆನಲ್ಲ, ಅದು ಬರೀ ಮಾತಲ್ಲ.

ಇನ್ನೊಂದು ಇದೆ. ಎಪಿಫಿಲಮ್ ಅಂದ್ರೆ 'ಎಲೆಯ ಮೇಲೆ' ಅಂತ, ಎಲೆಯ ಮೇಲೆ ಹೂವು ಬಿಡೋದಕ್ಕೆ. ಆದ್ರೆ ಬ್ರಹ್ಮಕಮಲದ ಆ ಉದ್ದ ಹಸಿರು ಪಟ್ಟಿ ಎಲೆಯೇ ಅಲ್ಲ, ಚಪ್ಪಟೆಯಾದ ಕಾಂಡ! ಅಂದ್ರೆ ಪುಸ್ತಕದ ಹೆಸರಲ್ಲೇ ತಪ್ಪಿದೆ. ಆದ್ರೂ ಬದಲಾಯಿಸಿಲ್ಲ. ಯಾಕಂದ್ರೆ ಸಸ್ಯನಾಮಕರಣದ ನಿಯಮದ ಪ್ರಕಾರ ಹೆಸರಿನ ಕೆಲಸ ಗಿಡವನ್ನ ವರ್ಣಿಸೋದಲ್ಲ, ಗುರುತಿಸಿ ಕರೆಯೋದು. ನಿಮ್ಮ ಕ್ಲಾಸಲ್ಲಿ ಶಾಂತಾ ಅನ್ನೋಳು ಜಗಳಗಂಟಿ ಇರಬಹುದು. ಹಾಗಂತ ಹಾಜರಿಯಲ್ಲಿ ಹೆಸರು ಬದಲಾಗಲ್ಲ.

ಹಾಗಾದ್ರೆ ಹಿಮಾಲಯದ ಬ್ರಹ್ಮಕಮಲ? ಅದು ಸಾಸ್ಸುರಿಯಾ ಓಬ್ವಲ್ಲಾಟಾ, ಸೂರ್ಯಕಾಂತಿ ಕುಟುಂಬದ್ದು, ಉತ್ತರಾಖಂಡದ ರಾಜ್ಯಪುಷ್ಪ. ಎತ್ತರದ ಚಳಿಯಲ್ಲಿ ಬೆಳೆಯೋ ಅದಕ್ಕೂ ನಮ್ಮ ಕುಂಡದ್ದಕ್ಕೂ ಸಂಬಂಧ ಇಲ್ಲ. ಈ ವ್ಯತ್ಯಾಸ ಗೊತ್ತಿರಲೇಬೇಕು, ಅದರಲ್ಲಿ ರಾಜಿ ಬೇಡ. ಇಲ್ಲಾಂದ್ರೆ ಅಲ್ಲಿನ ಗಿಡಕ್ಕೆ ಕಷ್ಟ ಬಂದಿದೆ ಅಂದಾಗ, 'ನಮ್ಮ ಬೀದಿಯಲ್ಲೇ ಹತ್ತು ಇದೆಯಲ್ಲ' ಅಂತ ನಾವು ಸುಮ್ಮನಿರ್ತೀವಿ. ಅಂದಹಾಗೆ, ಅದೂ ಕಮಲ ಅಲ್ಲ.

ಮಾವನ ಗಿಡವೂ ಕಮಲದ ಹೆಸರು ತಪ್ಪಿಸಿಕೊಳ್ಳಲಿಲ್ಲ. 2021ರ ಜನವರಿಯಲ್ಲಿ ಗುಜರಾತ್ ಸರ್ಕಾರ, ನೋಡೋಕೆ ಕಮಲದ ಹಾಗಿದೆ ಅಂತ ಡ್ರ್ಯಾಗನ್ ಫ್ರೂಟಿಗೆ 'ಕಮಲಂ' ಅಂತ ಹೆಸರಿಟ್ಟಿತು. 2023ರಲ್ಲಿ ನಮ್ಮ ತುಮಕೂರಿನ ಹತ್ತಿರದ ಹಿರೇಹಳ್ಳಿಯಲ್ಲಿ, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ, ಕಮಲಂ ಹಣ್ಣಿನ ಉತ್ಕೃಷ್ಟತಾ ಕೇಂದ್ರಕ್ಕೆ ಒಪ್ಪಿಗೆ ಸಿಕ್ಕಿತು. ವಿಚಿತ್ರ ನೋಡಿ: ಅಮೆರಿಕದಿಂದ ಬಂದ ಇಬ್ಬರು ನೆಂಟರು, ನಮ್ಮ ದೇಶದಲ್ಲಿ ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಜನರಿಂದ ಕಮಲ ಅನ್ನಿಸಿಕೊಂಡ್ರು. ಹೂವು ಹೊಸದು, ಕರೆಯೋಕೆ ಪ್ರೀತಿಯ ಹೆಸರು ಬೇಕು, ಮನೆಯಲ್ಲಿರೋ ಒಳ್ಳೇ ಹೆಸರನ್ನೇ ಕೊಟ್ಟುಬಿಟ್ವಿ.

ಭಾಗ 8/8: ಈ ಸಲದ ಹೂವು

ಮೊನ್ನೆ ಮೊಗ್ಗು ತಲೆ ಎತ್ತಿದಾಗ ನಾನೇ ಬೀದಿಯ ಮನೆಮನೆಗೂ ಹೋಗಿ ಹೇಳಿ ಬಂದೆ: 'ಇವತ್ತು ರಾತ್ರಿ ಅಜ್ಜಿಯ ಬ್ರಹ್ಮಕಮಲ ಅರಳುತ್ತೆ, ಬನ್ನಿ.' ಅಜ್ಜಿ ನನ್ನ ಮುಖ ನೋಡಿದ್ರು. ಏನೂ ಅನ್ನಲಿಲ್ಲ, ಕಾಫಿಗೆ ಹಾಲು ಜಾಸ್ತಿ ತರಿಸಿದ್ರು.

ಎಲ್ಲಾ ಹೋದ್ಮೇಲೆ ಇಬ್ಬರೇ ಕುಂಡದ ಹತ್ತಿರ ಕೂತ್ವಿ. ವಾಸನೆ ಇಡೀ ಅಂಗಳ ತುಂಬಿತ್ತು. ಹಾವರ್ತ್ ಕಥೆ ಹೇಳಿದೆ, ಹಡಗಿನ ಕಥೆ ಹೇಳಿದೆ. 'ಅಜ್ಜೀ, ಇದೂ ಮಾವನ ತೋಟದ ಡ್ರ್ಯಾಗನ್ ಫ್ರೂಟೂ ನೆಂಟರು' ಅಂದೆ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, 'ಹಂಗಾದ್ರೆ ಇಷ್ಟು ವರ್ಷದಲ್ಲಿ ಒಂದಾದ್ರೂ ಹಣ್ಣು ಬಿಡಬೇಕಿತ್ತಲ್ಲೋ?' ಅಂದ್ರು.

ನನ್ನ ಕಾಮೆಂಟ್ಸ್‌ನಲ್ಲಿ ಯಾರೂ ಕೇಳದ ಪ್ರಶ್ನೆ ಅದು! ನಮ್ಮ ಬೀದಿಯ ಗಿಡಗಳೆಲ್ಲ ಒಬ್ಬರಿಂದೊಬ್ಬರು ತುಂಡು ಮುರಿದು ಕೊಟ್ಟು ಬೆಳೆಸಿದ್ದು. ಲೆಕ್ಕಕ್ಕೆ ಎಲ್ಲಾ ಒಂದೇ ಗಿಡ. ಈ ಜಾತಿಯವಕ್ಕೆ ಸಾಮಾನ್ಯವಾಗಿ ತಮ್ಮದೇ ಪರಾಗ ಒಗ್ಗಲ್ಲ, ಹಣ್ಣು ಕಟ್ಟೋಕೆ ಬೇರೆ ಗಿಡದ್ದು ಬೇಕು. ಅದನ್ನ ಹೇಳಿದೆ.

'ಹೌದು, ನಾನೂ ಎದುರುಮನೆಯಿಂದಲೇ ತಂದಿದ್ದು' ಅಂದ್ರು ಅಜ್ಜಿ. ಆಮೇಲೆ, 'ಅವರಿಗೆ ಯಾರು ಕೊಟ್ಟಿದ್ರೋ' ಅಂತ ತಮ್ಮಷ್ಟಕ್ಕೆ ಅಂದ್ಕೊಂಡ್ರು.

ಅವತ್ತು ನಾನು ಹಾಕಿದ ಸ್ಟೋರಿ 24 ಗಂಟೆಗೆ ಅಳಿಸಿಹೋಯ್ತು, ಸ್ಕ್ರೀನ್‌ಶಾಟ್ ಮಾತ್ರ ನನ್ನ ಹತ್ತಿರ ಇದೆ. ಇದೇ ಸೀರೀಸ್‌ನ ಕೊನೇ ಸ್ಲೈಡ್‌ನಲ್ಲಿ ಹಾಕಿದೀನಿ. ತಪ್ಪಾದ ಎಂಟ್ರಿ ಅಲ್ಲೇ ಇರಲಿ. ಈ ಎಂಟು ಭಾಗ ಅದರ ರೆಕ್ಟಿಫಿಕೇಶನ್ ಎಂಟ್ರಿ.

ನಿಮ್ಮ ಮನೆಯ ಬ್ರಹ್ಮಕಮಲ ಯಾರ ಮನೆಯಿಂದ ಬಂದಿದ್ದು? ಇವತ್ತು ಮನೆಗೆ ಹೋಗಿ ಕೇಳಿ, ಇಲ್ಲಿ ಬರೀರಿ. ಸುಮ್ಮನೆ 'ನರ್ಸರಿ' ಅನ್ನಬೇಡಿ. ಅಜ್ಜಿಯರನ್ನ ಕೇಳಿ.

#ಬ್ರಹ್ಮಕಮಲ #ಡ್ರ್ಯಾಗನ್‌ಫ್ರೂಟ್ #ಹೆಸರಿನ_ಇತಿಹಾಸ #ಅಜ್ಜಿಗೆ_ಸಾರಿ